ಮಣ್ಣು, ಕಾಂಪೋಸ್ಟ್ ಜರಡಿ: ಮಾಡುವುದು ಹೇಗೆ, ಹಿಡಿಯುವುದು ಹೇಗೆ

ನಾಲ್ಕು ಹಲಗೆ, ಒಂದು ತುಂಡು ತಂತಿ ಜಾಲರಿ, ಒಂದಷ್ಟು ಸ್ಕ್ರೂ. ಜರಡಿ ಅಂದರೆ ಇಷ್ಟೇ. ಗರಗಸ ಹಿಡಿದು ಅಭ್ಯಾಸ ಇರುವವರು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುತ್ತಾರೆ. ಆದರೆ ಹೀಗೆ ಮಾಡಿದ ಎಷ್ಟೋ ಜರಡಿಗಳು ಎರಡು ಮೂರು ಸಲ ಕೆಲಸ ಮಾಡಿ ಗೋಡೆಗೆ ಒರಗಿ ನಿಂತುಬಿಡುತ್ತವೆ. ತೋಳು ನೋವು ಬಂತು, ತೂತೆಲ್ಲ ಕಟ್ಟಿಕೊಂಡಿತು, ಗೊಬ್ಬರ ಕೆಳಗೇ ಇಳಿಯಲಿಲ್ಲ ಅಂತ ದೂರು. ವಿಚಾರಿಸಿದರೆ ಎರಡರಲ್ಲಿ ಒಂದು ಕಾರಣ ಸಿಗುತ್ತದೆ: ತೂತು ಬೇಕಾದ್ದಕ್ಕಿಂತ ಸಣ್ಣದು, ಇಲ್ಲವೇ ಗೊಬ್ಬರ ಇನ್ನೂ ಒದ್ದೆ. ಹಾಗಾಗಿ ಇಲ್ಲಿ ಹಲಗೆ, ಮೊಳೆಗಳಷ್ಟೇ ಮಾತು ತೂತಿನ ಅಳತೆಗೂ ಗೊಬ್ಬರದ ಹದಕ್ಕೂ ಹೋಗುತ್ತದೆ.

ಎಲ್ಲದಕ್ಕೂ ಜರಡಿ ಬೇಡ

ಮೊದಲೇ ಹೇಳಿಬಿಡುತ್ತೇನೆ. ಗಿಡಗಳ ಬುಡಕ್ಕೆ ಮುಚ್ಚಿಗೆಯಾಗಿ ಹಾಕುವ ಕಾಂಪೋಸ್ಟನ್ನು ಜರಡಿ ಹಿಡಿಯುವುದು ಸುಮ್ನೆ ಮೈ ನೋಯಿಸಿಕೊಂಡ ಹಾಗೆ. ಅದರಲ್ಲಿ ಕಡ್ಡಿ, ತೊಗಟೆ, ಅರೆಕೊಳೆತ ಎಲೆ ಇದ್ದರೇ ಒಳ್ಳೆಯದು. ಮಳೆಯ ಹನಿ ನೇರವಾಗಿ ಮಣ್ಣಿಗೆ ಹೊಡೆಯುವುದಿಲ್ಲ, ತೇವವೂ ಉಳಿಯುತ್ತದೆ.

ತೋಟದ ಮಣ್ಣಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆರೋಗ್ಯವಾಗಿರುವ ಮಣ್ಣು ಸಣ್ಣ ಸಣ್ಣ ಉಂಡೆಗಳಾಗಿ ಕೂಡಿಕೊಂಡಿರುತ್ತದೆ. ಆ ಉಂಡೆಗಳ ನಡುವಿನ ಸಂದಿಯಲ್ಲೇ ಗಾಳಿ ಆಡುವುದು, ನೀರು ಇಳಿಯುವುದು. ಇಡೀ ಮಡಿಯ ಮಣ್ಣನ್ನು ತೆಗೆದು ನುಣ್ಣಗೆ ಜರಡಿ ಹಿಡಿದರೆ ಈ ಕಟ್ಟು ಒಡೆಯುತ್ತದೆ. ಆಮೇಲೆ ಒಂದು ಜೋರು ಮಳೆ ಬಂದರೆ ಮೇಲ್ಪದರ ಕೆನೆಗಟ್ಟಿ, ಒಣಗಿದ ಮೇಲೆ ಗಟ್ಟಿ ಹೊಪ್ಪಳೆಯಾಗುತ್ತದೆ. ಮೊಳಕೆ ಅದನ್ನು ಸೀಳಿಕೊಂಡು ಬರಲಾರದು.

ಹಾಗಾದರೆ ಜರಡಿ ಯಾವುದಕ್ಕೆ? ಬೀಜ ಬಿತ್ತುವ ತಟ್ಟೆಗೆ, ಕುಂಡದ ಮಿಶ್ರಣಕ್ಕೆ, ಹುಲ್ಲುಹಾಸಿನ ಮೇಲೆ ತೆಳ್ಳಗೆ ಹರಡುವುದಕ್ಕೆ, ಕ್ಯಾರೆಟ್ ಮೂಲಂಗಿಯಂಥ ನೆಟ್ಟಗೆ ಇಳಿಯಬೇಕಾದ ಬೇರಿನ ತರಕಾರಿಯ ಮಡಿಗೆ. ಕಟ್ಟಡ ಕೆಡವಿದ ಜಾಗದ ಮಣ್ಣಿನಲ್ಲಿ ಗಾಜು, ಮೊಳೆ, ಗಾರೆ ಚೂರು ಇದ್ದರೆ ಅದನ್ನು ಬೇರೆ ಮಾಡಲೂ ಬೇಕು. ಜೇಕಿನ ಕಾಟ ಇರುವ ಮಣ್ಣಿಗೂ ಜರಡಿ ಉಪಯೋಗಕ್ಕೆ ಬರುತ್ತದೆ. ಅದರ ಗಡ್ಡೆಗಳಲ್ಲಿ ಹೆಚ್ಚಿನವು ಜಾಲರಿಯ ಮೇಲೇ ಉಳಿಯುತ್ತವೆ, ಆರಿಸಿ ಬಿಸಾಡಬಹುದು. ಗೊಣ್ಣೆಹುಳುವೂ ಅಷ್ಟೇ. ಆದರೆ ಕಳೆ ಬೀಜ ಮಾತ್ರ ಸಿಗುವುದಿಲ್ಲ. ಅವು ಎಷ್ಟು ಸಣ್ಣವೆಂದರೆ ಯಾವ ತೋಟದ ಜರಡಿಯಲ್ಲೂ ಇಳಿದುಹೋಗುತ್ತವೆ. ಬೀಜ ಸಾಯಬೇಕಾದ್ದು ಗೊಬ್ಬರದ ರಾಶಿ ಕಾದಾಗ.

ತೂತು ಎಷ್ಟು ದೊಡ್ಡದಿರಬೇಕು

ಸಾಮಾನ್ಯವಾಗಿ ಮೂರು ಅಳತೆಯ ಜಾಲರಿ ಸಾಕು. ಅರ್ಧ ಇಂಚು, ಅಂದರೆ ಸುಮಾರು 12 ಮಿ.ಮೀ. ಕಾಲು ಇಂಚು, ಅಂದರೆ 6 ಮಿ.ಮೀ. ಆಮೇಲೆ ಅರೆಕಾಲು ಇಂಚು, 3 ಮಿ.ಮೀ.

ಮಡಿಗೆ ಬೆರೆಸುವ ಕಾಂಪೋಸ್ಟ್‌ಗೆ 12 ಮಿ.ಮೀ. ಧಾರಾಳವಾಗಿ ಸಾಕು. ಕಲ್ಲು, ಕಡ್ಡಿ, ಕೊಳೆಯದ ಬುಡಚಿ ಮೇಲೆ ಉಳಿಯುತ್ತವೆ, ಉಳಿದದ್ದೆಲ್ಲ ಬೇಗ ಇಳಿಯುತ್ತದೆ. ಕುಂಡಕ್ಕೆ, ಹುಲ್ಲುಹಾಸಿಗೆ 6 ಮಿ.ಮೀ. ಸಣ್ಣ ಬೀಜ ಬಿತ್ತುವ ತಟ್ಟೆಗೆ ಮಾತ್ರ 3 ಮಿ.ಮೀ. ಒಂದೇ ಒಂದು ಜರಡಿ ಮಾಡುವುದಾದರೆ ಯಾವುದು ಅಂತ ಕೇಳಿದರೆ, ನನ್ನ ಉತ್ತರ 12. ಕಾಲು ಇಂಚಿನದು ಎಲ್ಲ ಕೆಲಸಕ್ಕೂ ಆಗುತ್ತದೆ ಅಂತ ಅನ್ನಿಸುತ್ತದೆ, ಆದರೆ ರಾಶಿ ರಾಶಿ ಗೊಬ್ಬರವನ್ನು ಅದರಲ್ಲಿ ಇಳಿಸಲು ಹೋದಾಗ ಗೊತ್ತಾಗುತ್ತದೆ ಅದು ಎಷ್ಟು ನಿಧಾನ ಅಂತ. ದೊಡ್ಡ ತೂತಿನಲ್ಲಿ ಎಲ್ಲವನ್ನೂ ಒಮ್ಮೆ ಇಳಿಸಿ, ಅದರಲ್ಲಿ ಬೇಕಾದಷ್ಟನ್ನು ಮಾತ್ರ ಸಣ್ಣ ತೂತಿಗೆ ಹಾಕುವುದೇ ಸಲೀಸು.

ಇನ್ನೊಂದು ವಿಷಯ. ನುಣುಪಾದಷ್ಟೂ ಒಳ್ಳೆಯದು ಅನ್ನುವುದು ಕುಂಡಗಳ ಮಟ್ಟಿಗೆ ನಿಜವಲ್ಲ. ನುಣ್ಣನೆಯ ಪುಡಿ ಕುಂಡದಲ್ಲಿ ಒತ್ತಾಗಿ ಕೂತು ನೀರನ್ನು ಹಿಡಿದಿಡುತ್ತದೆ. ತಳದ ಪದರ ಯಾವಾಗಲೂ ತೊಯ್ದೇ ಇರುತ್ತದೆ, ಬೇರಿಗೆ ಗಾಳಿ ಸಾಲದೆ ಕೊಳೆಯುತ್ತದೆ. ದೊಡ್ಡ ಕುಂಡಗಳಿಗೆ ಸ್ವಲ್ಪ ತರಿಯಾದ ಗೊಬ್ಬರವೇ ವಾಸಿ.

ಮಣ್ಣು ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಒಣಗಿಸಿದ ಮಣ್ಣನ್ನು 2 ಮಿ.ಮೀ. ಜರಡಿಯಲ್ಲಿ ಇಳಿಸುತ್ತಾರೆ. ಅದರ ಮೇಲೆ ಉಳಿದದ್ದು ಜಲ್ಲಿ, ಕಲ್ಲಿನ ಲೆಕ್ಕ. ಅದು ಪರೀಕ್ಷೆಗೆ ಸರಿ. ತೋಟಕ್ಕೆ ಅಷ್ಟು ಸಣ್ಣ ಜಾಲರಿಯ ಕೆಲಸವೇ ಇಲ್ಲ.

ಯಾವ ಜಾಲರಿ ತರಬೇಕು

ಚೌಕ ತೂತಿನ, ಬೆಸುಗೆ ಹಾಕಿದ, ಸತುವಿನ ಲೇಪ ಇರುವ ಜಿಐ ವೆಲ್ಡ್ ಮೆಶ್ ಕೇಳಿ. ತಂತಿಗಳು ಕೂಡುವ ಕಡೆಯೆಲ್ಲ ಬೆಸುಗೆ ಇರಬೇಕು. ಬರೀ ನೇಯ್ದ ಜಾಲರಿಯಾದರೆ ಭಾರ ಬಿದ್ದಾಗ ತಂತಿ ಸರಿದು ಒಂದು ತೂತು ಹಿಗ್ಗುತ್ತದೆ, ಪಕ್ಕದ್ದು ಕುಗ್ಗುತ್ತದೆ. ಕೋಳಿ ಗೂಡಿಗೆ ಹಾಕುವ ಆರು ಮೂಲೆಯ ಜಾಲರಿ ಅಗ್ಗ, ಆದರೆ ಇದಕ್ಕೆ ಬಾರದು. ಎರಡು ಬುಟ್ಟಿ ಮಣ್ಣಿಗೇ ಜೋಲು ಬೀಳುತ್ತದೆ. ಪ್ಲಾಸ್ಟಿಕ್ ಜಾಲರಿಯೂ ಬೇಡ. ಬಿಸಿಲಿಗೆ ಪುಡಿಯಾಗಿ ಅದರ ಚೂರುಗಳೇ ಗೊಬ್ಬರಕ್ಕೆ ಸೇರುತ್ತವೆ.

ತಂತಿಯ ದಪ್ಪವನ್ನೂ ನೋಡಿ. 6 ಮಿ.ಮೀ. ಜಾಲರಿಗೆ 0.7 ಮಿ.ಮೀ. ಆಸುಪಾಸಿನ ತಂತಿ, 12 ಮಿ.ಮೀ. ಜಾಲರಿಗೆ 1 ಮಿ.ಮೀ. ಅಥವಾ ಅದಕ್ಕಿಂತ ದಪ್ಪ ತಂತಿ ಇದ್ದರೆ ಬಾಳಿಕೆ ಬರುತ್ತದೆ. ಬಿಚ್ಚಿದ ಸುರುಳಿ ಮತ್ತೆ ಸುತ್ತಿಕೊಳ್ಳಲು ಎಳೆಯುತ್ತಿರುತ್ತದೆ, ಕತ್ತರಿಸಿದ ತುದಿಗಳು ಸೂಜಿಯಂತೆ ಚುಚ್ಚುತ್ತವೆ. ದಪ್ಪ ಕೈಗವಸು ಹಾಕದೆ ಅದರ ತಂಟೆಗೆ ಹೋಗಬೇಡಿ. ಮಣ್ಣಿನಲ್ಲಿ ಧನುರ್ವಾಯುವಿನ ಬ್ಯಾಕ್ಟೀರಿಯಾ ಇರುತ್ತದೆ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡದ್ದು ಅಂತ ನೆನಪಿಲ್ಲದವರು ಒಮ್ಮೆ ವಿಚಾರಿಸಿಕೊಳ್ಳಿ.

ಸತು ಲೇಪದ ಜಾಲರಿಗೆ ಬೆಸುಗೆ ಹಾಕುವ, ಬೆಂಕಿ ತೋರಿಸುವ ಕೆಲಸಕ್ಕೆ ಕೈ ಹಾಕಬೇಡಿ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಬಂದ ಹಾಗೆ ಮೈ ನಡುಗುತ್ತದೆ. ಸ್ಕ್ರೂ, ತಂತಿ ಕಟ್ಟುಗಳಲ್ಲೇ ಎಲ್ಲ ಕೆಲಸ ಆಗುತ್ತದೆ.

ಮರ

ಹಳೆಯ ಹಲಗೆಯೇ ಸಾಕು, ಹೊಸದು ಬೇಕಿಲ್ಲ. ಆದರೆ ಹಳೆಯ ಬಣ್ಣ ಎದ್ದು ಬರುತ್ತಿರುವ ಹಲಗೆ ಬೇಡ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಅದರ ಚಕ್ಕೆ ತರಕಾರಿ ಮಡಿಗೆ ಹೋಗಬಾರದು. ಸಾಮಾನು ಸಾಗಿಸುವ ಮರದ ಪ್ಯಾಲೆಟ್ ಬಿಚ್ಚಿ ಬಳಸುವುದಾದರೆ ಅದರ ಮೇಲಿನ ಮುದ್ರೆ ನೋಡಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್‌ಗಳಿಗೆ ಹುಳು ಸಾಯಿಸುವ ಉಪಚಾರ ಆಗಿರಬೇಕು ಅನ್ನುವ ಅಂತರರಾಷ್ಟ್ರೀಯ ನಿಯಮ ಇದೆ, ಐಎಸ್‌ಪಿಎಂ 15 ಅಂತ. 'ಎಚ್‌ಟಿ' ಅಂತ ಇದ್ದರೆ ಬಿಸಿ ಮಾಡಿದ್ದು, ಧೈರ್ಯವಾಗಿ ತೆಗೆದುಕೊಳ್ಳಿ. 'ಎಂಬಿ' ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅದನ್ನು ಬಿಡಿ.

ಪೆಟ್ಟಿಗೆ ಜರಡಿ: ಅಳತೆ ಮತ್ತು ಕೆಲಸ

ಇಲ್ಲಿ ಹೇಳುವ ಅಳತೆ ಒಬ್ಬರೇ ಎತ್ತಿ ಆಡಿಸಲು ಆಗುವಂಥದ್ದು. ನಿಮ್ಮ ತಳ್ಳುಗಾಡಿ ಅಥವಾ ಟಬ್ಬು ಎಷ್ಟು ಅಗಲ ಅಂತ ಮೊದಲು ಅಳೆದುಕೊಳ್ಳಿ. ಜರಡಿ ಅದರ ಅಂಚಿನ ಮೇಲೆ ಕೂರಬೇಕು, ಒಳಗೆ ಬೀಳಬಾರದು. ಬೇಕಾದರೆ ಒಂದೆರಡು ಅಂಗುಲ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಬೇಕಾಗುವ ಮರ: 10 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ಹಲಗೆಯಲ್ಲಿ 90 ಸೆಂ.ಮೀ. ಉದ್ದದ ಎರಡು, 45 ಸೆಂ.ಮೀ. ಉದ್ದದ ಎರಡು ತುಂಡು. ಜಾಲರಿಯನ್ನು ಅಡಿಯಿಂದ ಒತ್ತಿ ಹಿಡಿಯಲು 2.5 ಸೆಂ.ಮೀ. ಅಗಲ, 1.5 ಸೆಂ.ಮೀ. ದಪ್ಪದ ರೀಪರ್ ಪಟ್ಟಿ: 60 ಸೆಂ.ಮೀ. ಉದ್ದದ ಎರಡು, 45 ಸೆಂ.ಮೀ. ಉದ್ದದ ಎರಡು. ಇದರ ಜೊತೆ ಅರ್ಧ ಮೀಟರ್ ಉದ್ದದ 6 ಮಿ.ಮೀ. ಕಬ್ಬಿಣದ ಸರಳು, ಸ್ವಲ್ಪ ಬೈಂಡಿಂಗ್ ವೈರ್, ತುಕ್ಕು ಹಿಡಿಯದ ಸ್ಕ್ರೂಗಳು.

ಮೊದಲು ಚೌಕಟ್ಟು. ಉದ್ದದ ಹಲಗೆಗಳ ಎರಡೂ ತುದಿಯಲ್ಲಿ 15 ಸೆಂ.ಮೀ. ಬಿಟ್ಟು ಗೆರೆ ಎಳೆಯಿರಿ. ಅಡ್ಡ ಹಲಗೆಗಳ ಹೊರಮುಖ ಆ ಗೆರೆಗೆ ಬರುವ ಹಾಗೆ, ಉದ್ದದ ಹಲಗೆಗಳ ನಡುವೆ ನಿಲ್ಲಿಸಿ. ಆಚೆ ಉಳಿದ 15 ಸೆಂ.ಮೀ. ತುದಿಗಳೇ ಹಿಡಿಕೆ. ಅವುಗಳ ಮೂಲೆಗಳನ್ನು ಗರಗಸದಲ್ಲಿ ಸವರಿ, ಉಪ್ಪು ಕಾಗದದಲ್ಲಿ ಚೆನ್ನಾಗಿ ಉಜ್ಜಿ. ಅರ್ಧ ಗಂಟೆ ಹಿಡಿದು ಆಡಿಸುವಾಗ ಅಂಗೈಗೆ ಚುಚ್ಚುವುದು ಇಲ್ಲೇ.

ಪ್ರತಿ ಮೂಲೆಗೂ ಮೂರು ಸ್ಕ್ರೂ. ಬರೀ ಮೊಳೆ ಹೊಡೆದರೆ ಆಡಿಸಿ ಆಡಿಸಿ ಸಡಿಲವಾಗುತ್ತದೆ. ಸ್ಕ್ರೂಗಿಂತ ಸ್ವಲ್ಪ ಸಣ್ಣ ತೂತನ್ನು ಮೊದಲೇ ಡ್ರಿಲ್ ಮಾಡಿ, ಇಲ್ಲದಿದ್ದರೆ ಹಲಗೆಯ ತುದಿ ಸೀಳುತ್ತದೆ. ಸ್ಕ್ರೂಗಳನ್ನು ಪೂರ್ತಿ ಬಿಗಿಯುವ ಮುಂಚೆ ಮೂಲೆಯಿಂದ ಮೂಲೆಗೆ ಅಳೆಯಿರಿ. ಪೆಟ್ಟಿಗೆಯ ಹೊರ ಅಳತೆ 60 ಮತ್ತು 50 ಸೆಂ.ಮೀ. ಆದ್ದರಿಂದ ಎರಡೂ ಕರ್ಣ ಸುಮಾರು 78 ಸೆಂ.ಮೀ. ಬರಬೇಕು. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಪೆಟ್ಟಿಗೆ ಓರೆಯಾಗಿದೆ ಅಂತ ಅರ್ಥ. ಉದ್ದ ಬಂದ ಮೂಲೆಗಳನ್ನು ಒಳಕ್ಕೆ ಒತ್ತಿ ಸರಿ ಮಾಡಿ, ಆಮೇಲೆ ಬಿಗಿಯಿರಿ.

ಈಗ ಜಾಲರಿ. 59 ಮತ್ತು 49 ಸೆಂ.ಮೀ. ಅಳತೆಗೆ ಕತ್ತರಿಸಿ. ಚೌಕಟ್ಟಿಗಿಂತ ಸುತ್ತಲೂ ಅರ್ಧ ಸೆಂಟಿಮೀಟರ್ ಕಡಿಮೆ ಇದ್ದರೆ ಚೂಪು ತುದಿಗಳು ಹೊರಗೆ ಇಣುಕುವುದಿಲ್ಲ. ಕತ್ತರಿಸುವಾಗ ಅಡ್ಡ ತಂತಿಗೆ ಒತ್ತಿಕೊಂಡೇ ಕತ್ತರಿಸಿ. ಅರ್ಧ ತೂತಿನ ಉದ್ದದ ಮುಳ್ಳು ಬಿಟ್ಟರೆ ಮುಂದೆ ಯಾರ ಕೈಗಾದರೂ ತಗಲುತ್ತದೆ.

ಜಾಲರಿಯನ್ನು ಹಲಗೆಯ ಅಡಿಗೆ ಯು ಮೊಳೆಯಲ್ಲಿ ಹೊಡೆದು ಬಿಡುವವರೇ ಹೆಚ್ಚು. ಆ ಜರಡಿಗಳು ಕೆಡುವುದೂ ಅಲ್ಲೇ. ಗೊಬ್ಬರದ ಭಾರವೆಲ್ಲ ಮೊಳೆಗಳ ಮೇಲೆ ಬಿದ್ದು ಒಂದೊಂದಾಗಿ ಕಿತ್ತು ಬರುತ್ತವೆ. ಅದಕ್ಕೇ ರೀಪರ್ ಪಟ್ಟಿ. ಜಾಲರಿಯ ಅಂಚು ಹಲಗೆಗೂ ಪಟ್ಟಿಗೂ ನಡುವೆ ಸಿಕ್ಕಿಹಾಕಿಕೊಂಡರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಮೊನಚು ತುದಿಗಳೂ ಮುಚ್ಚಿಹೋಗುತ್ತವೆ.

ಪೆಟ್ಟಿಗೆಯನ್ನು ಬೋರಲು ಹಾಕಿ. ಜಾಲರಿ ಇಟ್ಟು, ಒಂದು ಬದಿಯ ಪಟ್ಟಿಯನ್ನು ನಡುವಿನ ಸ್ಕ್ರೂನಿಂದ ಶುರು ಮಾಡಿ ಮೂಲೆಗಳ ಕಡೆಗೆ ಬಿಗಿಯುತ್ತಾ ಹೋಗಿ. ಆಮೇಲೆ ಎದುರು ಬದಿ. ಅಲ್ಲಿ ಪಟ್ಟಿ ಬಿಗಿಯುವಾಗ ಯಾರಾದರೂ ಜಾಲರಿಯನ್ನು ಪಕ್ಕಡದಲ್ಲಿ ಎಳೆದು ಹಿಡಿದರೆ ಒಳ್ಳೆಯದು. ಸ್ಕ್ರೂ ಸುಮಾರು 10 ಸೆಂ.ಮೀ.ಗೆ ಒಂದರಂತೆ, 4 ಸೆಂ.ಮೀ. ಉದ್ದದ್ದು. ತೂತಿನ ಮೂಲಕ ಹಾದುಹೋಗುವ ಹಾಗೆ ನೋಡಿಕೊಳ್ಳಿ, ತಂತಿಯ ಮೇಲೆ ಬೀಳದಿರಲಿ.

ನಡುವೆ ಆಧಾರ ಬೇಕೇ ಬೇಕು. 55 ಸೆಂ.ಮೀ. ಉದ್ದದ ಜಾಲರಿ ಒಳ್ಳೆಯ ತಂತಿಯದಾದರೂ ಕಾಲಕ್ರಮೇಣ ಹೊಟ್ಟೆ ಬಿಡುತ್ತದೆ. ಪಟ್ಟಿ ಬಿಗಿಯುವ ಮುಂಚೆಯೇ ಎರಡೂ ಉದ್ದ ಪಟ್ಟಿಗಳ ನಟ್ಟನಡುವೆ, ಜಾಲರಿಗೆ ತಾಗುವ ಮುಖದಲ್ಲಿ, 6 ಮಿ.ಮೀ. ಆಳದ ತೋಡು ಕೊರೆದುಕೊಳ್ಳಿ. ಸರಳನ್ನು ಪೆಟ್ಟಿಗೆಯ ಅಗಲಕ್ಕೆ ಕತ್ತರಿಸಿ ಆ ತೋಡಿನಲ್ಲಿ ಕೂರಿಸಿ. ಎಲ್ಲ ಬಿಗಿದ ಮೇಲೆ ಸರಳಿಗೂ ಜಾಲರಿಗೂ ನಾಲ್ಕೈದು ಕಡೆ ಬೈಂಡಿಂಗ್ ವೈರ್ ಸುತ್ತಿ ಬಿಡಿ. ಸರಳು ಗಡಗಡ ಅನ್ನುವುದಿಲ್ಲ, ಜಾಲರಿಯೂ ಅದಕ್ಕೆ ಉಜ್ಜಿ ಸವೆಯುವುದಿಲ್ಲ.

ಮರಕ್ಕೆ ಹೊರಗಿನಿಂದ ಅಗಸೆ ಎಣ್ಣೆ ಹಚ್ಚಿ ಒಣಗಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಗಾಡಿಯ ಹಳೆಯ ಎಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ.

ಹದ ನೋಡಿ

ಜರಡಿ ಎಷ್ಟೇ ಚೆನ್ನಾಗಿರಲಿ, ಒದ್ದೆ ಗೊಬ್ಬರದ ಮುಂದೆ ಅದರ ಆಟ ನಡೆಯುವುದಿಲ್ಲ. ಕೊಳೆಯುತ್ತಿರುವ ರಾಶಿಗೆ ನೂರಕ್ಕೆ 50ರಿಂದ 60 ಭಾಗ ತೇವ ಬೇಕು. ಆ ತೇವದಲ್ಲೇ ಜರಡಿಗೆ ಹಾಕಿದರೆ ತೂತಿನ ನಾಲ್ಕೂ ಮೂಲೆಗೆ ಮೆತ್ತಿಕೊಂಡು ಎರಡೇ ನಿಮಿಷದಲ್ಲಿ ಜಾಲರಿ ಹಲಗೆಯಂತಾಗುತ್ತದೆ.

ತೇವ ಅಳೆಯಲು ಯಂತ್ರ ಬೇಡ. ಒಂದು ಹಿಡಿ ಗೊಬ್ಬರ ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ನೀರು ಕಂಡರೆ ಇನ್ನೂ ಹಲವು ದಿನ ಬೇಕು. ನೀರು ಬರಲಿಲ್ಲ, ಆದರೆ ಮುಷ್ಟಿ ಬಿಚ್ಚಿದಾಗ ಬೆರಳಚ್ಚು ಮೂಡಿದ ಉಂಡೆ ಹಾಗೇ ಕೂತಿದೆ, ಹೆಬ್ಬೆರಳಿನಲ್ಲಿ ತಿವಿದರೂ ಬರೀ ಕುಳಿ ಬೀಳುತ್ತದೆ ಅಂದರೆ, ಅದೂ ಒದ್ದೆಯೇ. ತಿವಿದ ಕೂಡಲೇ ಉಂಡೆ ಮೂರು ನಾಲ್ಕು ಚೂರಾಗಿ ಉದುರಬೇಕು. ಅಂಗೈ ಮೇಲೆ ತಂಪು ಉಳಿಯಬೇಕು, ಕೆಸರು ಉಳಿಯಬಾರದು. ಅದೇ ಹದ.

ಒದ್ದೆ ಇದ್ದರೆ ಟಾರ್ಪಾಲಿನ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ನೆರಳಿನಲ್ಲಿ ಬಿಡಿ. ದಿನಕ್ಕೊಮ್ಮೆ ಕೈಯಾಡಿಸಿ ಮೇಲೆ ಕೆಳಗೆ ಮಾಡಿ. ಬೇಗ ಆಗಲಿ ಅಂತ ಸುಡುಬಿಸಿಲಿಗೆ ಹಾಕುವ ಆಸೆ ಬೇಡ. ಪೂರ್ತಿ ಒಣಗಿದ ಕಾಂಪೋಸ್ಟ್ ಆಮೇಲೆ ನೀರನ್ನೇ ಹೀರದು. ಕುಂಡಕ್ಕೆ ಹಾಕಿ ನೀರೆರೆದರೆ ಮೇಲಿನಿಂದ ಜಾರಿ ಅಂಚಿನಲ್ಲಿ ಇಳಿದುಹೋಗುತ್ತದೆ. ಜೊತೆಗೆ ಧೂಳು. ಅತಿಯಾಗಿ ಒಣಗಿದ್ದರೆ ಹಿಂದಿನ ಸಂಜೆಯೇ ಸ್ವಲ್ಪ ನೀರು ಚಿಮುಕಿಸಿ, ಕಲಸಿ, ಮುಚ್ಚಿಡಿ.

ಜೇಡಿಮಣ್ಣಿನ ಸ್ವಭಾವವೇ ಬೇರೆ. ಒದ್ದೆಯಾದರೆ ಮೆತ್ತಿಕೊಳ್ಳುತ್ತದೆ, ಪೂರ್ತಿ ಒಣಗಿದರೆ ಹೆಂಟೆ ಕಲ್ಲಾಗುತ್ತದೆ. ಎರಡರ ನಡುವೆ ಒಂದೆರಡು ದಿನದ ಅವಕಾಶ ಮಾತ್ರ ಸಿಗುತ್ತದೆ. ಆಗ ಹೆಂಟೆಯನ್ನು ಸಲಿಕೆಯ ಬೆನ್ನಿನಿಂದ ತಟ್ಟಿದರೆ ಪುಡಿಯಾಗುತ್ತದೆ. ಆ ದಿನ ಬೇರೆ ಕೆಲಸ ಬಿಟ್ಟು ಜರಡಿ ಹಿಡಿಯಿರಿ.

ಗೊಬ್ಬರ ಮಾಗಿದೆಯೋ ಇಲ್ಲವೋ ಅನ್ನುವುದೂ ಹದದ ಮಾತೇ. ರಾಶಿಯ ಒಳಗೆ ಕೈ ಹಾಕಿದರೆ ಬೆಚ್ಚಗಿದೆ, ಮೂಗಿಗೆ ಅಮೋನಿಯಾ ಘಾಟು ಹೊಡೆಯುತ್ತದೆ ಅಂದರೆ ಇನ್ನೂ ಬಿಡಿ. ಜರಡಿಗೆ ಹಾಕಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೇಲೇ ಉಳಿಯಿತಾ? ಜಾಲರಿ ಬದಲಾಯಿಸಲು ಹೋಗಬೇಡಿ, ರಾಶಿಗೆ ಇನ್ನೂ ಸಮಯ ಕೊಡಿ.

ಜರಡಿ ಹಿಡಿಯುವುದು

ಮುಖಕ್ಕೆ ಎನ್95 ಮಾಸ್ಕ್ ಹಾಕಿಕೊಳ್ಳಿ. ಇದನ್ನು ಉಪಚಾರಕ್ಕೆ ಹೇಳುತ್ತಿಲ್ಲ. ಕಾಂಪೋಸ್ಟ್ ಧೂಳಿನಲ್ಲಿ ಆಸ್ಪರ್ಜಿಲಸ್ ಅನ್ನುವ ಶಿಲೀಂಧ್ರದ ಕಣಗಳಿರುತ್ತವೆ. ಆಸ್ತಮಾ ಇರುವವರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಅದು ಅಪಾಯ. ಲೀಜಿಯೊನೆಲ್ಲಾ ಲಾಂಗ್‌ಬೀಚೆ ಅನ್ನುವ ಬ್ಯಾಕ್ಟೀರಿಯಾ ಕುಂಡದ ಮಿಶ್ರಣ, ಕಾಂಪೋಸ್ಟ್‌ಗಳಲ್ಲಿ ಸಿಗುತ್ತದೆ, ಅದರಿಂದ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ. ಗಾಳಿ ಬೆನ್ನಿಗೆ ಬರುವಂತೆ ನಿಂತುಕೊಳ್ಳಿ. ಕೆಲಸ ಮುಗಿದ ಮೇಲೆ ಬಾಯಿಗೆ ಏನಾದರೂ ಹಾಕುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ.

ಜರಡಿಯನ್ನು ತಳ್ಳುಗಾಡಿಯ ಅಂಚಿನ ಮೇಲಿಡಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಈ ಪೆಟ್ಟಿಗೆ ಬಾಯಿವರೆಗೆ ತುಂಬಿದರೆ ಸುಮಾರು 25 ಲೀಟರ್. ಕಾಂಪೋಸ್ಟ್ ಆದರೆ 12ರಿಂದ 17 ಕಿಲೋ, ಮಣ್ಣಾದರೆ 30 ಕಿಲೋ ಮುಟ್ಟಬಹುದು. ಅಷ್ಟನ್ನು ಆಡಿಸುವವರು ಯಾರು? ತುಂಬಿದಷ್ಟೂ ಕೆಲಸ ಬೇಗ ಆಗುತ್ತದೆ ಅನ್ನುವುದೂ ಸುಳ್ಳು. ಕೆಳಗಿನ ಪದರ ಮಾತ್ರ ಜಾಲರಿಗೆ ತಾಗುತ್ತದೆ, ಮೇಲಿನದು ಸುಮ್ನೆ ಸವಾರಿ ಮಾಡುತ್ತಿರುತ್ತದೆ.

ಎತ್ತಿ ಕುಲುಕಬೇಡಿ. ಅಂಚಿನ ಮೇಲೆ ಇಟ್ಟುಕೊಂಡೇ ಒಂದು ಗೇಣು ದೂರ ಹಿಂದಕ್ಕೂ ಮುಂದಕ್ಕೂ ಜಾರಿಸಿ. ತುದಿ ಮುಟ್ಟಿದಾಗ ಸಣ್ಣ ಝಟಕಾ ಬರಲಿ. ಆ ಝಟಕಾಕ್ಕೆ ಕಣಗಳು ಹಾರಿ ಮಗುಚಿಕೊಂಡು ಬೀಳುತ್ತವೆ. ಗಾಡಿಯ ಅಂಚು ಸಪಾಟಾಗಿಲ್ಲದಿದ್ದರೆ ಎರಡು ರೀಪರ್ ಪಟ್ಟಿ ಅಡ್ಡ ಇಟ್ಟು ಅದರ ಮೇಲೆ ಜಾರಿಸಿ. ಇಳಿಯುವುದು ನಿಂತಾಗ ಉಳಿದ ಉಂಡೆಗಳನ್ನು ಕೈಗವಸು ಹಾಕಿದ ಅಂಗೈಯಿಂದ ಒಮ್ಮೆ ಉಜ್ಜಿ. ಉಜ್ಜಿದರೆ ಒಡೆಯುವುದು ಗೊಬ್ಬರ. ಒಡೆಯದ್ದನ್ನು ಒತ್ತಿ ತುರುಕಬೇಡಿ, ಅದು ಮೇಲೇ ಉಳಿಯಬೇಕಾದ್ದು. ಗಾಜು ಇರಬಹುದು ಅನ್ನುವ ಮಣ್ಣಾದರೆ ಕೈ ಬೇಡ, ಮರದ ತುಂಡಿನಲ್ಲಿ ಉಜ್ಜಿ.

ಪ್ರತಿ ನಾಲ್ಕೈದು ಸಲಕ್ಕೊಮ್ಮೆ ಜರಡಿ ಬೋರಲು ಮಾಡಿ ಬೆನ್ನಿಗೆ ಎರಡು ಏಟು ಕೊಡಿ. ಕಟ್ಟಿಕೊಂಡ ತೂತು ಬಿಟ್ಟುಕೊಳ್ಳುತ್ತದೆ.

ರಾಶಿ ದೊಡ್ಡದಿದ್ದರೆ

ಗಾರೆ ಕೆಲಸದವರು ಮರಳು ಜರಡಿ ಹಿಡಿಯುವುದನ್ನು ನೋಡಿರುತ್ತೀರಲ್ವಾ? ಅದೇ ಓರೆ ಜರಡಿ. 75 ಸೆಂ.ಮೀ. ಅಗಲ, 1.2 ಮೀಟರ್ ಎತ್ತರದ ಚೌಕಟ್ಟಿಗೆ 12 ಮಿ.ಮೀ. ಜಾಲರಿ, ಹಿಂದೆ ಕೀಲು ಹಾಕಿದ ಎರಡು ಕಾಲು, ಕಾಲು ಹಿಂದೆ ಜಾರದಂತೆ ಒಂದು ಹಗ್ಗ. ಸಲಿಕೆಯಲ್ಲಿ ಮೇಲ್ಭಾಗಕ್ಕೆ ಎರಚಿದರೆ ಪುಡಿ ಹಿಂದಕ್ಕೆ ಬೀಳುತ್ತದೆ, ಕಲ್ಲು ಕಡ್ಡಿ ಮುಂದೆ ಉರುಳುತ್ತವೆ. ಎತ್ತುವ, ಆಡಿಸುವ ಕೆಲಸವೇ ಇಲ್ಲ. ನೆಟ್ಟಗೆ ನಿಲ್ಲಿಸಿದಷ್ಟೂ ತೂತು ಚಿಕ್ಕದಾದಂತೆ. ಮೇಲಿನಿಂದ ನೇರ ಬೀಳುವ ಕಣಕ್ಕೆ 12 ಮಿ.ಮೀ. ತೂತು 45 ಡಿಗ್ರಿ ಓರೆಯಲ್ಲಿ ಸುಮಾರು 8.5 ಮಿ.ಮೀ. ಆಗಿ ಸಿಗುತ್ತದೆ, 60 ಡಿಗ್ರಿಯಲ್ಲಿ 6. ಹೀಗಾಗಿ ಒಂದೇ ಜಾಲರಿಯಲ್ಲಿ ಕಾಲಿನ ಓರೆ ಬದಲಿಸಿಯೇ ನುಣುಪನ್ನು ಸ್ವಲ್ಪ ಹೊಂದಿಸಿಕೊಳ್ಳಬಹುದು. ಬರೀ ಮಣ್ಣಿಗೆ ನಾನು ಇದನ್ನೇ ಹೇಳುತ್ತೇನೆ. ನಾರು ಜಾಸ್ತಿ ಇರುವ ಕಾಂಪೋಸ್ಟ್ ಮಾತ್ರ ಇದರ ಮೇಲೆ ಹಾಗೇ ಜಾರಿಕೊಂಡು ಬಂದುಬಿಡುತ್ತದೆ.

ಅದಕ್ಕೆ ಉರುಳು ಜರಡಿ ಬೇಕು. ಎರಡು ಹಳೆಯ ಸೈಕಲ್ ರಿಮ್ ತೆಗೆದುಕೊಂಡು ಟೈರು, ಕಡ್ಡಿ ಎಲ್ಲ ಬಿಚ್ಚಿ. ಜಾಲರಿಯನ್ನು ಕೊಳವೆಯಂತೆ ಸುತ್ತಿ ರಿಮ್‌ಗಳ ಒಳಗೆ ಕೂರಿಸಿ. ಎಷ್ಟು ಜಾಲರಿ ಬೇಕು ಅಂತ ರಿಮ್‌ನ ಒಳಸುತ್ತಿಗೆ ದಾರ ಹಿಡಿದು ಅಳೆಯಿರಿ, ಒಂದರ ಮೇಲೊಂದು ಕೂರಲು 5 ಸೆಂ.ಮೀ. ಸೇರಿಸಿ. ಕಡ್ಡಿ ಇದ್ದ ತೂತುಗಳೇ ಬೈಂಡಿಂಗ್ ವೈರ್ ಹಾಯಿಸಲು ಸಿದ್ಧವಾಗಿರುತ್ತವೆ. ಕೊಳವೆ 90 ಸೆಂ.ಮೀ. ಉದ್ದ ಇದ್ದರೆ ಸಾಕು. ಅದಕ್ಕಿಂತ ಉದ್ದ ಮಾಡಿದರೆ ನಡುವೆ ಮೂರನೇ ರಿಮ್ ಬೇಕಾಗುತ್ತದೆ.

ಮರದ ಚೌಕಟ್ಟಿನ ಮೇಲೆ ಪ್ರತಿ ರಿಮ್‌ಗೆ ಎರಡರಂತೆ ನಾಲ್ಕು ಸಣ್ಣ ಗಾಲಿ ಕೂರಿಸಿ. ಗಾಲಿ ರಿಮ್‌ನ ಕಾಲುವೆಯೊಳಗೆ, ಟೈರು ಕೂರುತ್ತಿದ್ದ ಜಾಗದಲ್ಲಿ, ಓಡಬೇಕು. ಆಗ ಕೊಳವೆ ಇಳಿಜಾರಿಗೆ ಜಾರಿ ಬೀಳುವುದಿಲ್ಲ. ತುಂಬುವ ತುದಿಗಿಂತ ಹೊರಬೀಳುವ ತುದಿ 6ರಿಂದ 8 ಸೆಂ.ಮೀ. ತಗ್ಗಿರಲಿ. ಗೊಬ್ಬರ ಬೇಗ ಹೊರಬಂದರೆ ಇಳಿಜಾರು ಕಡಿಮೆ ಮಾಡಿ.

ವೇಗಕ್ಕೊಂದು ಲೆಕ್ಕ ಇದೆ. ಕೊಳವೆಯ ವ್ಯಾಸವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಅದರ ವರ್ಗಮೂಲದಿಂದ 42.3ನ್ನು ಭಾಗಿಸಿದರೆ, ಗೊಬ್ಬರ ಗೋಡೆಗೆ ಅಂಟಿಕೊಂಡು ಸುತ್ತುವ ವೇಗ ಸಿಗುತ್ತದೆ. 55 ಸೆಂ.ಮೀ. ವ್ಯಾಸಕ್ಕೆ ಅದು ನಿಮಿಷಕ್ಕೆ 57 ಸುತ್ತು. ಆ ವೇಗದಲ್ಲಿ ಏನೂ ಉರುಳುವುದಿಲ್ಲ, ಏನೂ ಇಳಿಯುವುದಿಲ್ಲ. ಅದರ ಮೂರನೇ ಒಂದರಿಂದ ಅರ್ಧದೊಳಗೆ, ಅಂದರೆ ನಿಮಿಷಕ್ಕೆ 20ರಿಂದ 28 ಸುತ್ತು ಸರಿ. ಕೈಯಲ್ಲಿ ತಿರುಗಿಸುವವರು ಎರಡು ಮೂರು ಸೆಕೆಂಡಿಗೆ ಒಂದು ಸುತ್ತು ಅಂತ ಇಟ್ಟುಕೊಳ್ಳಿ. ಮೋಟರ್ ಹಾಕುವುದಾದರೆ ಬೆಲ್ಟಿಗೆ ಮುಚ್ಚಳ ಇರಲೇಬೇಕು, ಸಿಕ್ಕಿಕೊಂಡ ಕಡ್ಡಿ ತೆಗೆಯುವ ಮುಂಚೆ ಪ್ಲಗ್ ಕಿತ್ತಿಡಿ. ಒದ್ದೆ ಗೊಬ್ಬರ ಇದಕ್ಕೂ ಆಗದು. ಕೊಳವೆಯೊಳಗೆ ಉರುಳಿ ಉರುಳಿ ಗೋಲಿಯಾಗಿ ಆಚೆ ಬರುತ್ತದೆ.

ಎರೆಗೊಬ್ಬರ ಆದರೆ

ಹುಳುಗಳನ್ನು ಮೊದಲು ಬೇರೆ ಮಾಡಿ. ಅವು ಬೆಳಕಿಗೆ ಹೆದರುತ್ತವೆ. ಗೊಬ್ಬರವನ್ನು ಬೆಳಕಿನಲ್ಲಿ ಗುಡ್ಡೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲವೂ ಅಡಿಗೆ ಇಳಿಯುತ್ತವೆ. ಮೇಲಿನ ಪದರ ಸವರಿ ತೆಗೆಯಿರಿ, ಮತ್ತೆ ಕಾಯಿರಿ, ಮತ್ತೆ ಸವರಿ. ಹೀಗೆ ತೆಗೆದದ್ದನ್ನು 3 ಅಥವಾ 6 ಮಿ.ಮೀ. ಜಾಲರಿಯಲ್ಲಿ ಮೆಲ್ಲಗೆ ಆಡಿಸಿ, ಝಟಕಾ ಬೇಡ. ಸಣ್ಣ ನಿಂಬೆಯಾಕಾರದ, ಮೂರು ಮಿಲಿಮೀಟರ್ ಆಸುಪಾಸಿನ ಹೊಂಬಣ್ಣದ ಕಾಳುಗಳು ಕಂಡರೆ ಅವು ಎರೆಹುಳುವಿನ ಮೊಟ್ಟೆಗೂಡು. ಆರಿಸಿ ತೊಟ್ಟಿಗೆ ವಾಪಸ್ ಹಾಕಿ. ಎರೆಗೊಬ್ಬರವನ್ನು ಗರಿಗರಿಯಾಗಿ ಒಣಗಿಸಿದರೆ ಈ ಗೂಡುಗಳೂ ಸಾಯುತ್ತವೆ.

ಮೇಲೆ ಉಳಿದದ್ದು

ಅರೆಕೊಳೆತ ಕಡ್ಡಿ, ತೊಗಟೆ, ಗಟ್ಟಿ ಉಂಡೆಗಳನ್ನು ಹೊಸ ರಾಶಿಗೆ ಹಾಕಿ. ಕೊಳೆಸುವ ಸೂಕ್ಷ್ಮಜೀವಿಗಳು ಅವುಗಳಿಗೆ ಮೊದಲೇ ಹತ್ತಿಕೊಂಡಿರುತ್ತವೆ, ಹೊಸ ರಾಶಿ ಬೇಗ ಶುರುವಾಗುತ್ತದೆ. ಒದ್ದೆ ಕಸದ ನಡುವೆ ಗಾಳಿಗೆ ದಾರಿಯೂ ಆಗುತ್ತದೆ. ಆದರೆ ಹಾಕುವ ಮುಂಚೆ ಪ್ಲಾಸ್ಟಿಕ್ ಚೂರು, ಹಣ್ಣಿನ ಮೇಲಿನ ಸ್ಟಿಕ್ಕರ್, ದಾರದ ತುಂಡು ಎಲ್ಲ ಆರಿಸಿ ತೆಗೆಯಿರಿ. ಈ ಕೆಲಸಕ್ಕೆ ಜರಡಿಯ ಮೇಲಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಬಿಟ್ಟರೆ ಮುಂದಿನ ಸಲ ಇನ್ನೂ ಸಣ್ಣ ಚೂರಾಗಿ ತೂತಿನಲ್ಲೇ ಇಳಿಯುತ್ತವೆ. ಕಲ್ಲುಗಳು ಕಾಲುದಾರಿಗೆ ಹೋಗಲಿ.

ಜರಡಿ ಹಿಡಿದ ಗೊಬ್ಬರವನ್ನು ಗಾಳಿಯಾಡುವ ಗೋಣಿಚೀಲದಲ್ಲಿ, ಮಳೆ ಬಿಸಿಲು ಬೀಳದ ಕಡೆ ಇಡಿ. ತೇವ ಇರುವ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಹುಳಿ ವಾಸನೆ ಬರುತ್ತದೆ.

ಕೆಲಸ ಮುಗಿದ ಮೇಲೆ ಜರಡಿಯನ್ನು ತೊಳೆಯುವುದಕ್ಕಿಂತ ಒಣಗಲು ಬಿಟ್ಟು, ತಂತಿ ಬ್ರಷ್‌ನಲ್ಲಿ ಹಗುರವಾಗಿ ಉಜ್ಜುವುದು ಮೇಲು. ಜೋರಾಗಿ ಉಜ್ಜಿದರೆ ಸತುವಿನ ಲೇಪ ಹೋಗುತ್ತದೆ. ನೆಲಕ್ಕೆ ತಾಗದಂತೆ ಮೊಳೆಗೆ ತೂಗುಹಾಕಿ. ವರ್ಷಕ್ಕೊಮ್ಮೆ ಸ್ಕ್ರೂಗಳನ್ನು ಬಿಗಿ ಮಾಡಿ. ಜಾಲರಿಯಲ್ಲಿ ಒಂದು ಬೆಸುಗೆ ಬಿಟ್ಟರೆ ಬೈಂಡಿಂಗ್ ವೈರ್ ಸುತ್ತಿ ಕಟ್ಟಿದರೆ ಸಾಕು. ಅಲ್ಲಲ್ಲಿ ಬಿಡಲು ಶುರುವಾದರೆ ಪಟ್ಟಿಗಳ ಸ್ಕ್ರೂ ಬಿಚ್ಚಿ, ಹಳೆಯ ಜಾಲರಿಯನ್ನೇ ಅಳತೆಗೆ ಇಟ್ಟುಕೊಂಡು ಹೊಸದನ್ನು ಕತ್ತರಿಸಿ ಹಾಕಿ.